ಬಯಲುಸೀಮೆಯಿಂದ ನೇತ್ರಾಣಿಯ ಕಡಲಾಳಕ್ಕೆ

ನೇತ್ರಾಣಿ ಅರಬ್ಬಿ ಸಮುದ್ರದ ಒಂದು ಸಣ್ಣ ಕಲ್ಲುದ್ವೀಪ. ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಪಡುವಣಕ್ಕೆ ಸುಮಾರು 19 ಕಿ.ಮೀ. ದೂರದಲ್ಲಿದೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ಹೃದಯದ ಆಕಾರದಲ್ಲಿ ಕಾಣುತ್ತದೆ. ಅದರ ಬಂಡೆಗಳ ಸಂದಿನಲ್ಲಿ ಪಾರಿವಾಳಗಳು ಗೂಡು ಕಟ್ಟುವುದರಿಂದ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿಯ ಮರಗಳಲ್ಲಿ ಮರಿ ಮಾಡುತ್ತದೆ. ನೀರಿನ ಕೆಳಗೆ ಬಂಡೆಗಳಿಗೆ ಅಂಟಿಕೊಂಡು ಹವಳ ಬೆಳೆದಿದೆ. ಹವಳವಿರುವಲ್ಲಿ ಮೀನು ಇದ್ದೇ ಇರುತ್ತದೆ. ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್ ಎಂದರೆ ಬಹುಮಟ್ಟಿಗೆ ನೇತ್ರಾಣಿಯೇ. ಪುನೀತ್ ರಾಜ್‌ಕುಮಾರ್ ಇಲ್ಲಿ ಕಡಲಿಗಿಳಿದ ದೃಶ್ಯಗಳು 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿವೆ. ಕಡಲನ್ನೇ ಕಾಣದ ಊರುಗಳ ಕನ್ನಡಿಗರಿಗೂ ಈ ದ್ವೀಪ ಪರಿಚಯವಾದದ್ದು ಆ ಚಿತ್ರದಿಂದ.

ಅಂಥ ಊರುಗಳಲ್ಲಿ ಕಣೇಕಲ್ಲು ಒಂದು. ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆಯ ಈ ಊರಿನಲ್ಲಿಯೂ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದಲ್ಲಿಯೂ ಕನ್ನಡ ಮನೆಮಾತಾಗಿರುವ ಕುಟುಂಬಗಳು ಸಾಕಷ್ಟಿವೆ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದೇ ಭಾಗವಾಗಿತ್ತು. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ ಕಾಣುವ ನೆಲ ಇದು. ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಇಲ್ಲಿ ದೊಡ್ಡ ನೀರು ಎಂದರೆ ಕಣೇಕಲ್ಲಿನ ಕೆರೆ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ, ಮಳೆ ಚೆನ್ನಾದ ವರ್ಷ ತುಂಬಿದ ಬಾವಿ. ಹವಳದ ಕಡಲಿಗೆ ಇಳಿಯಬೇಕೆಂದರೆ ಇವರಿಗೆ ಹತ್ತಿರವಾಗುವುದು ನೇತ್ರಾಣಿ. ತಮ್ಮದೇ ರಾಜ್ಯದ ವಿಶಾಖಪಟ್ಟಣದ ಋಷಿಕೊಂಡದಲ್ಲಿಯೂ ಡೈವಿಂಗ್ ಇದೆ, ಆದರೆ ಅದು ಸುಮಾರು ದುಪ್ಪಟ್ಟು ದೂರ.

ಪ್ರವಾಸದ ಲೆಕ್ಕ ಶುರುವಾಗಬೇಕಾದದ್ದು ಮಳೆಗಾಲದಿಂದ. ಜೂನ್ ಮೊದಲ ವಾರ ಮುಂಗಾರು ಕರಾವಳಿಗೆ ಬಂದರೆ ಅರಬ್ಬಿ ಸಮುದ್ರ ಸಣ್ಣ ದೋಣಿಗಳ ಪಾಲಿಗೆ ಮುಚ್ಚಿದಂತೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಅಲೆಯ ಎತ್ತರ ಒಂದು ಕಾರಣವಾದರೆ, ಶರಾವತಿಯಂಥ ನದಿಗಳು ಘಟ್ಟದಿಂದ ಹೊತ್ತು ತರುವ ಕೆಂಪು ನೀರು ಇನ್ನೊಂದು ಕಾರಣ. ಅದು ಕಡಲಿನಲ್ಲಿ ಹರಡಿ ಕೆಳಗೆ ಏನೂ ಕಾಣದಂತೆ ಮಾಡುತ್ತದೆ. ಡೈವಿಂಗ್ ಮತ್ತೆ ಶುರುವಾಗುವುದು ಅಕ್ಟೋಬರಿನ ಹೊತ್ತಿಗೆ. ಮೇ ತಿಂಗಳ ಮಧ್ಯದವರೆಗೂ ಅದು ನಡೆಯುತ್ತದೆ. ನೀರು ತಿಳಿಯಾಗಿ, ಗಾಳಿ ಅಡಗಿ, ಹದಿನೈದು ಇಪ್ಪತ್ತು ಮೀಟರ್ ದೂರದವರೆಗೆ ಕಣ್ಣು ಹಾಯುವ ದಿನಗಳು ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ ಹೆಚ್ಚು.

ರೈತರ ಮನೆಯವರಿಗೆ ಇದು ಹೇಳಿ ಮಾಡಿಸಿದ ಕಾಲ. ಶೇಂಗಾ ಕಿತ್ತು, ಕಾಲುವೆಯ ಕೆಳಗಿನ ಭತ್ತ ಮನೆಗೆ ಬಂದು, ಸಂಕ್ರಾಂತಿಗೆ ಶಾಲೆಗಳು ಬಿಡುವ ಹೊತ್ತಿಗೆ ಕಡಲೂ ಶಾಂತವಾಗಿರುತ್ತದೆ. ದಸರಾ ರಜೆಯಲ್ಲಿ ಹೊರಟವರಿಗೆ ನೀರು ಇನ್ನೂ ಪೂರ್ತಿ ತಿಳಿಯಾಗಿರದ ಸಂಭವವುಂಟು. ಮೇ ತಿಂಗಳಿಗೆ ಬುಕ್ ಮಾಡಿದವರು ಮುಂಗಾರಿನ ಮುಂಚಿನ ಅಲೆಗೆ ದೋಣಿ ರದ್ದಾಗುವ ಸಾಧ್ಯತೆಯನ್ನು ಒಪ್ಪಿಕೊಂಡೇ ಬರಬೇಕು. ರದ್ದಾಗಲು ಇನ್ನೊಂದು ಕಾರಣವೂ ಇದೆ: ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದುಂಟು, ಅಂಥ ದಿನ ಆ ಕಡೆ ದೋಣಿ ಬಿಡುವುದಿಲ್ಲ. ಆದ್ದರಿಂದ ಯಾವ ಋತುವಿನಲ್ಲಾದರೂ ಮುರುಡೇಶ್ವರದಲ್ಲಿ ಒಂದು ದಿನವನ್ನು ಖಾಲಿ ಇಟ್ಟುಕೊಂಡು ಹೊರಡುವುದು ಕ್ಷೇಮ.

ದಾರಿ ಎರಡು. ಕಣೇಕಲ್ಲು, ರಾಯದುರ್ಗದವರಿಗೆ ಬಳ್ಳಾರಿಯೇ ಬಾಗಿಲು. ಅಲ್ಲಿಂದ ಹೊಸಪೇಟೆ, ಕೊಪ್ಪಳ, ಗದಗದ ಮೇಲೆ ಹುಬ್ಬಳ್ಳಿ. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆ ಹಿಡಿದು ಅರಬೈಲು ಘಟ್ಟ ಇಳಿದರೆ ಅಂಕೋಲಾ, ಶಿರಸಿಯ ಕಡೆ ಹಿಡಿದು ದೇವಿಮನೆ ಘಟ್ಟ ಇಳಿದರೆ ಕುಮಟಾ. ಆಮೇಲೆ ಕರಾವಳಿಯ ಹೆದ್ದಾರಿಯಲ್ಲಿ ಹೊನ್ನಾವರ ದಾಟಿ ಮುರುಡೇಶ್ವರ. ಒಟ್ಟು 450 ಕಿ.ಮೀ. ಆಸುಪಾಸು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಗದದಲ್ಲೇ ಇರುವುದರಿಂದ ಘಟ್ಟವನ್ನು ಬಸ್ಸು, ಕಾರುಗಳಲ್ಲೇ ಇಳಿಯಬೇಕು. ರೈಲೇ ಬೇಕೆನ್ನುವವರು ಹೌರಾದಿಂದ ಬಳ್ಳಾರಿ, ಹುಬ್ಬಳ್ಳಿಯ ಮೇಲೆ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಮಡಗಾಂವಿಗೆ ಹೋಗಿ, ಕೊಂಕಣ ರೈಲು ಹಿಡಿದು ಮುರುಡೇಶ್ವರದಲ್ಲಿ ಇಳಿಯಬಹುದು. ಮಡಕಶಿರಾದವರಿಗೆ ತುಮಕೂರು, ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿ ಅನುಕೂಲ. ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಕರಾವಳಿಯ ರಾತ್ರಿ ರೈಲು ಹಿಡಿಯುವುದೂ ಒಂದು ದಾರಿ. ಹೋಗುವ ದಾರಿ ಯಾವುದಾದರೂ ಆದೀತು. ಬರುವ ದಾರಿಗೆ ಮಾತ್ರ ಒಂದು ಕಟ್ಟುನಿಟ್ಟಿದೆ, ಅದು ಮುಂದೆ ಬರುತ್ತದೆ.

ನೇತ್ರಾಣಿಯಲ್ಲಿ ನೀರಿಗಿಳಿಯುವವರಲ್ಲಿ ಹೆಚ್ಚಿನವರು ಮೊದಲ ಸಲದವರು. ಅವರಿಗಾಗಿ ಇರುವುದು ಪರಿಚಯದ ಡೈವ್. ಬೋಧಕರೊಬ್ಬರು ಉದ್ದಕ್ಕೂ ಜೊತೆಗಿದ್ದು, ಸಿಲಿಂಡರಿನ ಕವಾಟ ಹಿಡಿದೇ ಕರೆದೊಯ್ಯುತ್ತಾರೆ. ಆಳ ಹೆಚ್ಚೆಂದರೆ 12 ಮೀಟರ್, ವಯಸ್ಸು ಕನಿಷ್ಠ 10, ಈಜು ಬರಲೇಬೇಕೆಂದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ತಲೆಗೆ ಐದಾರು ಸಾವಿರ ರೂಪಾಯಿಯ ಆಜುಬಾಜು ಆಗುತ್ತದೆ. ಬೋಧಕರ ಕೈ ಹಿಡಿಯದೆ, ಜೊತೆಗಾರನೊಬ್ಬನ ಸಂಗಡ ತಾವೇ ಇಳಿಯುವಂತಾಗಲು ‘ಓಪನ್ ವಾಟರ್’ ಎಂಬ ಕೋರ್ಸು ಇದೆ. ಮೂರು ನಾಲ್ಕು ದಿನದ ಕಲಿಕೆ, ಕಡಲಿನಲ್ಲಿ ನಾಲ್ಕು ಡೈವ್‌, 200 ಮೀಟರ್ ನಿಲ್ಲದೆ ಈಜು, ಹತ್ತು ನಿಮಿಷ ತೇಲುವ ಪರೀಕ್ಷೆ. ಗೆದ್ದವರಿಗೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆಯ ಕಾರ್ಡು ಸಿಗುತ್ತದೆ, ಅದು ಜಗತ್ತಿನ ಯಾವ ಕಡಲಿನಲ್ಲೂ ನಡೆಯುತ್ತದೆ. ಕೆರೆಯಲ್ಲೋ ಬಾವಿಯಲ್ಲೋ ಈಜು ಕಲಿತ ಹುಡುಗ ಹುಡುಗಿಯರಿಗೆ ಈ ಪರೀಕ್ಷೆ ಕಷ್ಟವೇನಲ್ಲ. ಅವರು ಪರಿಚಯದ ಡೈವಿಗೆ ದುಡ್ಡು ಹಾಕುವುದಕ್ಕಿಂತ ಇನ್ನಷ್ಟು ಕೂಡಿಟ್ಟು, ನಾಲ್ಕು ದಿನ ಬಿಡುವು ಮಾಡಿಕೊಂಡು ಕೋರ್ಸನ್ನೇ ಮಾಡುವುದು ಹೆಚ್ಚು ಬಾಳುವ ಖರ್ಚು.

ಬಾವಿಯ ಈಜುಗಾರರು ಬಿಡಬೇಕಾದ ಅಭ್ಯಾಸ ಒಂದಿದೆ, ಈ ಇಡೀ ವಿದ್ಯೆಯ ಜೀವಾಳವೇ ಅದು. ಬಾವಿಗೆ ಧುಮುಕುವವರು ಮೇಲೆ ಒಂದು ಸಲ ಎದೆ ತುಂಬ ಉಸಿರೆಳೆದು, ಬಿಗಿಹಿಡಿದು ತಳ ಮುಟ್ಟಿ ಬರುತ್ತಾರೆ. ಸ್ಕೂಬಾದಲ್ಲಿ ಉಸಿರು ಬಿಗಿಹಿಡಿಯಲೇಕೂಡದು. ಕಾರಣ ನೀರಿನ ಒತ್ತಡ. ಕಡಲಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ; 10 ಮೀಟರ್ ಕೆಳಗೆ ಅದು ಮೇಲಿನದರ ಎರಡರಷ್ಟು. ಬಾವಿಗೆ ಧುಮುಕಿದವರ ಎದೆಯ ಗಾಳಿ ಕೆಳಗೆ ಹೋದಂತೆ ಕುಗ್ಗಿ, ಮೇಲೆ ಬಂದಾಗ ಮೊದಲಿನ ಅಳತೆಗೇ ಮರಳುತ್ತದೆ, ತೊಂದರೆಯಿಲ್ಲ. ಸ್ಕೂಬಾದವರು ಉಸಿರೆಳೆದುಕೊಳ್ಳುವುದೇ ಆ ಆಳದಲ್ಲಿ, ಅಲ್ಲಿಯ ಒತ್ತಡಕ್ಕೆ ಸಮನಾದ ಗಾಳಿಯನ್ನು. 10 ಮೀಟರಿನಲ್ಲಿ ಎಳೆದ ಆರು ಲೀಟರ್ ಗಾಳಿ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಹನ್ನೆರಡು ಲೀಟರ್ ಆಗಲು ನೋಡುತ್ತದೆ. ಬಾಯಿ ಬಿಗಿದುಕೊಂಡಿದ್ದರೆ ಅದಕ್ಕೆ ಹೊರಹೋಗುವ ದಾರಿಯಿಲ್ಲ. ಶ್ವಾಸಕೋಶದ ತೆಳುಪೊರೆ ಹರಿದು ಗಾಳಿ ರಕ್ತಕ್ಕೆ ನುಗ್ಗಬಹುದು. ಎದೆ ತುಂಬಿಕೊಂಡು ಉಸಿರು ಕಟ್ಟಿದವರಿಗೆ ಒಂದೆರಡು ಮೀಟರ್ ಮೇಲೇರಿದರೂ ಈ ಅಪಾಯ ತಪ್ಪಿದ್ದಲ್ಲ. ನಿಧಾನವಾಗಿ, ಎಡೆಬಿಡದೆ ಉಸಿರಾಡುತ್ತಲೇ ಇರಬೇಕು ಎಂಬುದು ಮೊದಲ ಪಾಠವಾಗಿರುವುದು ಇದಕ್ಕೇ. ಚೆನ್ನಾಗಿ ಮುಳುಗುಹಾಕಲು ಬಲ್ಲವರೇ ಇದನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕು.

ನೀರಿನ ಕೆಳಗೆ ಹೀಗೆ ಉಸಿರಾಡುವುದನ್ನು ಸಾಧ್ಯವಾಗಿಸಿದ್ದು ಫ್ರಾನ್ಸಿನ ಝಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಉಪಕರಣ. ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದ ಗಾಳಿಯನ್ನು, ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಬಾಯಿಗೆ ಕೊಡುವ ಕವಾಟ ಅದು. ಈಗ ರೆಗ್ಯುಲೇಟರ್ ಎನ್ನುತ್ತಾರೆ. ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ಎಲ್ಲರೂ ಉಸಿರಾಡುವ ಗಾಳಿಯೇ. 12 ಲೀಟರಿನ ಸಿಲಿಂಡರಿನಲ್ಲಿ ಹೀಗೆ 2,400 ಲೀಟರ್ ಗಾಳಿ ಹಿಡಿಯುತ್ತದೆ. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಬಳಸುವವರಿಗೆ 10 ಮೀಟರ್ ಆಳದಲ್ಲಿ 40 ಲೀಟರ್ ಬೇಕು. ಆಪತ್ತಿಗೆಂದು ಕಾಲುಭಾಗ ಉಳಿಸಿಟ್ಟರೆ ಮುಕ್ಕಾಲು ಗಂಟೆಗೆ ಸಾಕು. ಗಾಬರಿಯಾದವರು ಏದುಸಿರು ಬಿಡುತ್ತ ಇದನ್ನು ಅರ್ಧ ಹೊತ್ತಿನಲ್ಲೇ ಮುಗಿಸಿಬಿಡಬಹುದು. ಪರಿಚಯದ ಡೈವನ್ನು ಇಪ್ಪತ್ತು ಮೂವತ್ತು ನಿಮಿಷಕ್ಕೆ ಮಿತಗೊಳಿಸಲು ಇದೂ ಒಂದು ಕಾರಣ.

ಆರೋಗ್ಯದ ವಿಷಯದಲ್ಲಿ ಮುಚ್ಚುಮರೆ ಸಲ್ಲದು. ನೀರಿಗಿಳಿಯುವ ಮುಂಚೆ ಎಲ್ಲರೂ ಒಂದು ಪ್ರಶ್ನಾವಳಿ ತುಂಬಬೇಕಾಗುತ್ತದೆ. ಆಸ್ತಮಾ, ಹೃದಯದ ಕಾಯಿಲೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆ ಬೇಕು. ಗರ್ಭಿಣಿಯರು ಇಳಿಯಬಾರದು. ಇಷ್ಟು ದೂರ ಬಂದು ಕೊನೆಗಳಿಗೆಯಲ್ಲಿ ‘ಆಗದು’ ಎನಿಸಿಕೊಳ್ಳುವುದಕ್ಕಿಂತ, ಪ್ರಶ್ನಾವಳಿಯನ್ನು ಮೊದಲೇ ತರಿಸಿಕೊಂಡು ಬಳ್ಳಾರಿಯಲ್ಲೋ ಹಿಂದೂಪುರದಲ್ಲೋ ವೈದ್ಯರಿಗೆ ತೋರಿಸಿ ಹೊರಡುವುದು ಸರಿಯಾದ ಕ್ರಮ. ನೆಗಡಿ ಸಣ್ಣದೆನಿಸಿದರೂ ದೊಡ್ಡ ಅಡ್ಡಿ. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡವನ್ನು ಸರಿಮಾಡಿಕೊಳ್ಳುತ್ತಲೇ ಇರಬೇಕು. ಮೂಗು ಕಟ್ಟಿದ್ದರೆ ಅದು ಆಗುವುದಿಲ್ಲ, ಹಟ ಮಾಡಿ ಇಳಿದರೆ ಕಿವಿಯ ತಮಟೆಗೆ ಪೆಟ್ಟು. ಕನ್ನಡಕದವರು ತಮ್ಮ ನಂಬರಿನ ಮಾಸ್ಕ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು, ಸಾಮಾನ್ಯ ಮಾಸ್ಕಿನ ಒಳಗೆ ಕನ್ನಡಕ ಕೂರುವುದಿಲ್ಲ. ಆರೋಗ್ಯ ವಿಮೆಯ ಪಾಲಿಸಿಗಳು ಹಲವು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಅದನ್ನೂ ಓದಿ ನೋಡಬೇಕು.

ಡೈವಿಂಗ್ ಏರ್ಪಡಿಸುವವರನ್ನು ಆರಿಸುವಾಗ ದರವೊಂದನ್ನೇ ನೋಡುವುದು ತಪ್ಪು. ಬೋಧಕರಿಗೆ ಮಾನ್ಯತೆಯಿದೆಯೇ, ಒಬ್ಬ ಬೋಧಕರಿಗೆ ಎಷ್ಟು ಜನ, ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ, ಹವಾಮಾನದಿಂದ ರದ್ದಾದರೆ ಹಣ ವಾಪಸಾಗುತ್ತದೆಯೇ ಎಂದು ಕೇಳಬೇಕು. ಫೋನಿನಲ್ಲಿ ಇವಕ್ಕೆ ತಾಳ್ಮೆಯಿಂದ ಉತ್ತರಿಸುವವರು ನೀರಿನಲ್ಲೂ ಎಚ್ಚರದಿಂದಿರುವ ಸಂಭವ ಹೆಚ್ಚು.

ಡೈವಿನ ದಿನ ಬೆಳಗ್ಗೆ ಬೇಗನೆ ಶುರುವಾಗುತ್ತದೆ, ಹೊತ್ತೇರಿದಂತೆ ಗಾಳಿ ಏಳುವುದರಿಂದ. ಇಡ್ಲಿಯಂಥ ಹಗುರ ತಿಂಡಿ ಸಾಕು. ಹಿಂದಿನ ರಾತ್ರಿ ಮದ್ಯ ಬೇಡ. ದ್ವೀಪಕ್ಕೆ ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಕಡಲು ಕಾಣದವರಿಗೆ ಈ ಪಯಣದಲ್ಲಿ ವಾಕರಿಕೆ ಬರುವುದು ಸಹಜ, ದಿಗಂತದ ಮೇಲೆ ಕಣ್ಣಿಟ್ಟು ತೆರೆದ ಗಾಳಿಯಲ್ಲಿ ಕೂತರೆ ಕಡಿಮೆಯಾಗುತ್ತದೆ. ಮಾತ್ರೆ ತೆಗೆದುಕೊಳ್ಳುವವರು ತೂಕಡಿಕೆ ತರದಂಥದನ್ನು ವೈದ್ಯರಿಂದ ಬರೆಸಿಕೊಂಡಿರಬೇಕು. ದ್ವೀಪದ ಮೇಲೆ ಪ್ರವಾಸಿಗರು ಇಳಿಯುವಂತಿಲ್ಲ. ದೋಣಿ ಬಂಡೆಗಳ ಬಳಿ ಲಂಗರು ಹಾಕುತ್ತದೆ, ನೀರಿಗಿಳಿಯುವುದು ದೋಣಿಯಿಂದಲೇ.

ಕೆಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಇಲ್ಲಿ ಹೊಸಬರು ಎಡವುವ ಒಂದು ಸನ್ನೆಯಿದೆ. ಊರಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರೆ ‘ಸೂಪರ್’ ಎಂದರ್ಥ. ನೀರಿನೊಳಗೆ ಅದೇ ಸನ್ನೆ ‘ಮೇಲೆ ಹೋಗಬೇಕು’ ಎನ್ನುತ್ತದೆ. ಖುಷಿಯಿಂದ ಹೆಬ್ಬೆರಳು ಎತ್ತಿದವರನ್ನು ಬೋಧಕರು ಮೇಲಕ್ಕೆ ಕರೆದೊಯ್ಯುತ್ತಾರೆ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ತೊಂದರೆಯಾದರೆ ಅಂಗೈ ಚಪ್ಪಟೆ ಹಿಡಿದು ಆಡಿಸಿ, ತೊಂದರೆಯ ಜಾಗ ತೋರಿಸಬೇಕು.

ನೇತ್ರಾಣಿಯ ನೀರು ಬೆಚ್ಚಗಿರುತ್ತದೆ. ಬಂಡೆಯ ಇಳಿಜಾರಿನಲ್ಲಿ ಚಿಟ್ಟೆಮೀನು, ಗಿಳಿಮೀನು, ಟ್ರಿಗರ್ ಮೀನುಗಳ ಹಿಂಡು ಸಿಗುತ್ತವೆ. ಸಂದಿನಿಂದ ಬಾಯಿ ತೆರೆದು ಮುಚ್ಚುವ ಮೊರೆ ಹಾವುಮೀನು ಬೆದರಿಸುತ್ತಿಲ್ಲ, ಉಸಿರಾಡುತ್ತಿದೆ ಅಷ್ಟೆ. ಬರಾಕುಡಾ ಮೀನುಗಳ ಗುಂಪು ಆಚೆ ನೀಲಿಯಲ್ಲಿ ಸುಳಿಯುತ್ತದೆ. ಅದೃಷ್ಟವಿದ್ದ ದಿನ ತಿಮಿಂಗಿಲ ಶಾರ್ಕ್ ಕೂಡ ಕಂಡದ್ದುಂಟು. ಲೋಕದ ಅತಿ ದೊಡ್ಡ ಮೀನಾದರೂ ಅದರ ಆಹಾರ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪುಟ್ಟ ಮೀನುಗಳು. ನೀರಿನೊಳಗೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಿದ್ದಂತೆ ಕಾಣುತ್ತದೆ. ಕೆಲವೇ ಮೀಟರ್ ಇಳಿದರೆ ಕೆಂಪು ಬಣ್ಣ ಮಾಯವಾಗಿ ಕೆಂಪು ಹವಳವೂ ಕಂದಾಗಿ ತೋರುತ್ತದೆ. ಬೋಧಕರು ಟಾರ್ಚ್ ಹಿಡಿದಾಗ ಮಾತ್ರ ಅದರ ನಿಜ ಬಣ್ಣ ಬೆಳಗುತ್ತದೆ. ಯಾವುದನ್ನೂ ಮುಟ್ಟಬಾರದು. ಹವಳ ಕಲ್ಲಿನಂತೆ ಕಂಡರೂ ಅದು ಸಣ್ಣ ಪ್ರಾಣಿಗಳ ಕೂಟ, ವರ್ಷಕ್ಕೆ ಕೆಲವೇ ಮಿಲಿಮೀಟರ್‌ಗಳಿಂದ ಕೆಲವು ಸೆಂಟಿಮೀಟರ್ ಬೆಳೆಯುವಂಥದು. ಒಂದು ಒದೆತಕ್ಕೆ ಮುರಿದದ್ದು ತಿರುಗಿ ಬೆಳೆಯಲು ಹತ್ತಾರು ವರ್ಷ ಬೇಕು. ತಿಮಿಂಗಿಲ ಶಾರ್ಕ್ ಮತ್ತು ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯಿದೆ, ಹುಲಿಗೆ ಇರುವಷ್ಟೇ. ನೆನಪಿಗೆಂದು ಹವಳದ ಚೂರು ತರುವುದೂ ಅಪರಾಧ.

ಇನ್ನು ಬರುವ ದಾರಿಯ ಕಟ್ಟುನಿಟ್ಟು. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಒತ್ತಡ ಥಟ್ಟನೆ ಇಳಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗಿನಂತೆ, ಅದು ಮೈಯೊಳಗೇ ಗುಳ್ಳೆಗಳಾಗುತ್ತದೆ. ಕೀಲುನೋವು, ಮೈ ಮರಗಟ್ಟುವುದು, ತೀವ್ರವಾದರೆ ಪಾರ್ಶ್ವವಾಯು ಕೂಡ ಇದರ ಫಲ. ಇದಕ್ಕೆ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಆಗಬೇಕು. ಅಂಥವು ದೇಶದಲ್ಲಿ ಕಡಿಮೆ, ಮುಂಬೈಯ ನೌಕಾ ಆಸ್ಪತ್ರೆ ಅಶ್ವಿನಿಯಂಥ ಕೆಲವೆಡೆ ಮಾತ್ರ. ಅದಕ್ಕಾಗಿ ಮೇಲೇರುವಾಗ ನಿಧಾನ, 5 ಮೀಟರಿನಲ್ಲಿ ಮೂರು ನಿಮಿಷದ ನಿಲುಗಡೆ, ಮೇಲೆ ಬಂದ ಮೇಲೆ ವಿಮಾನಕ್ಕೆ ಬಿಡುವು: ಒಂದೇ ಡೈವಿಗೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಿಗೆ ಕನಿಷ್ಠ 18 ಗಂಟೆ.

ಕಾರಿನಲ್ಲಿ ಹೋಗುವವರಿಗೆ ವಿಮಾನದ ನಿಯಮ ಯಾಕೆ ಎನಿಸಬಹುದು. ಆ ನಿಯಮ ಲೆಕ್ಕಕ್ಕೆ ಹಿಡಿಯುವುದು ಸುಮಾರು 600 ಮೀಟರ್ ಎತ್ತರದಿಂದ ಮೇಲಿನ ಗಾಳಿಯ ಒತ್ತಡವನ್ನು. ಶಿರಸಿ, ಸಾಗರಗಳು 600 ಮೀಟರಿನ ಆಸುಪಾಸಿನಲ್ಲಿವೆ, ಹುಬ್ಬಳ್ಳಿ ಅದಕ್ಕೂ ಮೇಲೆ, ತುಮಕೂರು 800 ಮೀಟರ್ ದಾಟಿದೆ. ಮಧ್ಯಾಹ್ನ ಕಡಲಿನಿಂದ ಎದ್ದು ಸಂಜೆಯೇ ಘಟ್ಟ ಹತ್ತುವವರು ಎರಡು ಮೂರು ಗಂಟೆಯೊಳಗೆ ಆ ಎತ್ತರಕ್ಕೆ ಸೇರಿಬಿಡುತ್ತಾರೆ. ಆಳವಿಲ್ಲದ ಒಂದೇ ಪರಿಚಯದ ಡೈವ್ ಆದವರಿಗೆ ಅಪಾಯ ತೀರಾ ಕಡಿಮೆ ನಿಜ. ಕೋರ್ಸು ಮಾಡಿ ದಿನಕ್ಕೆರಡು ಸಲ ಇಳಿದವರಿಗೆ ಹಾಗೆ ಹೇಳಲಾಗದು. ಕರಾವಳಿಯವರಿಗೆ ಇಲ್ಲದ ಈ ಚಿಂತೆ ಬಯಲುಸೀಮೆಯವರಿಗೆ ಇದೆ, ಏಕೆಂದರೆ ಅವರ ಮನೆ ಘಟ್ಟದ ಆಚೆ. ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಸಂಜೆ 20 ಅಂತಸ್ತಿನ ರಾಜಗೋಪುರವನ್ನೂ 123 ಅಡಿಯ ಶಿವನನ್ನೂ ನೋಡಿ, ಮಾರನೆಯ ದಿನ ಹೊರಟರೆ ಎಲ್ಲವೂ ಸಲೀಸು. ಬೆಂಗಳೂರಿನ ರಾತ್ರಿ ರೈಲಿಗೂ ಇದೇ ಮಾತು, ಅದೂ ಘಟ್ಟ ಹತ್ತಿಯೇ ಹೋಗುತ್ತದೆ.

ಕಾರ್ಡು ಕೈಗೆ ಬಂದವರಿಗೆ ಮುಂದಿನ ಕಡಲುಗಳು ಹಲವು. ಅಂಡಮಾನಿನ ಸ್ವರಾಜ್ ದ್ವೀಪ (2018ರವರೆಗೆ ಹ್ಯಾವ್‌ಲಾಕ್) ಭಾರತದಲ್ಲಿ ಮೊದಲ ಹೆಸರು. ಪರವಾನಗಿ ಪಡೆದು ಹೋಗಬೇಕಾದ ಲಕ್ಷದ್ವೀಪ ಹವಳದಿಂದಲೇ ಆದ ದ್ವೀಪಗಳ ಸಾಲು. ನೇತ್ರಾಣಿಯಲ್ಲಿ ಹವಳ ಕಲ್ಲಿನ ಮೇಲಿನ ಹೊದಿಕೆಯಾದರೆ, ಅಲ್ಲಿ ನೆಲವೇ ಹವಳ. ಅಲ್ಲಿಂದಾಚೆ ಪೆಸಿಫಿಕ್. ಆಸೆಪಟ್ಟು ಹಣ ಕೂಡಿಸುವವರಿಗೆ ಅದೂ ಕೈಗೆಟುಕದ ಮಾತಲ್ಲ. ಫಿಜಿಗೆ ದಕ್ಷಿಣ ಭಾರತದವರ ನಂಟು ಹಳೆಯದು, 1903ರಿಂದ ಮದ್ರಾಸ್ ಪ್ರಾಂತ್ಯದ ಕೂಲಿಗಳು ಕರಾರಿನ ಮೇಲೆ ಅಲ್ಲಿಯ ಕಬ್ಬಿನ ತೋಟಗಳಿಗೆ ಹಡಗು ಹತ್ತಿದ್ದರು. ಅಲ್ಲಿ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್, ಒಣ ಹವೆ ಮೇ ತಿಂಗಳಿನಿಂದ ಅಕ್ಟೋಬರ್. ಎಂದರೆ ನೇತ್ರಾಣಿಯ ಬಾಗಿಲು ಮುಚ್ಚಿದಾಗ ಅಲ್ಲಿಯದು ತೆರೆದಿರುತ್ತದೆ. ಮೆದು ಹವಳದ ಬಣ್ಣಕ್ಕೆ ಅಲ್ಲಿಯ ತವೆಯೂನಿ ದ್ವೀಪದ ಜಲಸಂಧಿ ಪ್ರಸಿದ್ಧ. ಪೆಸಿಫಿಕ್‌ನದೇ ಚೂಕ್ ದ್ವೀಪಗಳ ಖಾರಿಯ ತಳದಲ್ಲಿ 1944ರ ಫೆಬ್ರವರಿಯ ಅಮೆರಿಕನ್ ದಾಳಿಯಲ್ಲಿ ಮುಳುಗಿದ ಜಪಾನಿ ಹಡಗುಗಳಿವೆ, ಈಗ ಅವುಗಳ ಮೇಲೆ ಹವಳ ಬೆಳೆದಿದೆ. ಹಲವು ಹಡಗುಗಳು 18 ಮೀಟರಿಗಿಂತ ಕೆಳಗಿರುವುದರಿಂದ ಅಲ್ಲಿಗೆ 30 ಮೀಟರಿನ ಮುಂದಿನ ಹಂತದ ತರಬೇತಿ ಬೇಕು. 2009ರಲ್ಲಿ ತನ್ನ ಕಡಲನ್ನು ಶಾರ್ಕ್‌ಗಳ ಅಭಯಧಾಮವೆಂದು ಸಾರಿದ ದ್ವೀಪರಾಷ್ಟ್ರ ಪಲಾವು, ಹವಳಕ್ಕೆ ಕೆಡುಕು ಮಾಡುವ ಸನ್‌ಸ್ಕ್ರೀನ್ ಲೇಪಗಳನ್ನು 2020ರಿಂದ ನಿಷೇಧಿಸಿದೆ. ಅಲ್ಲಿಗೆ ಹೋಗುವವರು ಚೀಲ ಕಟ್ಟುವಾಗ ಡಬ್ಬಿಯ ಮೇಲಿನ ಬರಹ ಓದಬೇಕು.

ಇಷ್ಟು ದೂರದ ಪಯಣಕ್ಕೆ ಕೋರ್ಸನ್ನು ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಮೊದಲೇ ಮುಗಿಸಿ ಹೋಗುವುದು ಜಾಣತನ. ಇಲ್ಲವಾದರೆ ದುಬಾರಿ ದಿನಗಳು ಪಾಠದಲ್ಲೇ ಕಳೆಯುತ್ತವೆ. ಕೊನೆಯ ಡೈವಿಗೂ ಮರುಪ್ರಯಾಣದ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡಬೇಕು. ಹಿಂದೆ ನೀರಿಗಿಳಿದು ಆರು ತಿಂಗಳಿಗೂ ಹೆಚ್ಚಾಗಿದ್ದರೆ, ಹೊರಡುವ ಮುಂಚೆ ಬೋಧಕರ ಜೊತೆ ಈಜುಕೊಳದಲ್ಲಿ ಮಾಸ್ಕಿನ ನೀರು ತೆಗೆಯುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಹುಡುಕಿ ಹಾಕಿಕೊಳ್ಳುವುದು ಇವನ್ನು ಮತ್ತೊಮ್ಮೆ ಅಭ್ಯಾಸ ಮಾಡಿಕೊಂಡಿರಬೇಕು.